ಸಮುದ್ರದಡಿಯ ಬಾಗಿಲು, ರಾಮಲಿಂಗಯ್ಯನ ಕಿವಿ

ದೊಡ್ಡಬಳ್ಳಾಪುರದ ರಾಮಲಿಂಗಯ್ಯ ಇಪ್ಪತ್ತಾರು ವರ್ಷ ಪವರ್‌ಲೂಮ್ ಓಡಿಸಿದವನು. ತನ್ನ ಕಿವಿ ಹೋಗಿದೆಯೆಂದು ಅವನಿಗೇ ಗೊತ್ತಾದದ್ದು ತೊಂಬತ್ತೊಂಬತ್ತನೇ ಇಸವಿಯಲ್ಲಿ, ಒಂದು ವಿಡಿಯೋ ಗೇಮಿನ ಮುಂದೆ.

ಅಲ್ಲಿಯವರೆಗೆ ಗೊತ್ತಾಗದಿರಲು ಕಾರಣವಿದೆ. ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ಆ ಸದ್ದಿನಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ. ಎರಡು ಬೆರಳು ತುಟಿಗಿಟ್ಟರೆ ಬೀಡಿ, ಹೆಬ್ಬೆರಳು ಬಾಯಿಗೆತ್ತಿದರೆ ಟೀ, ಅಂಗೈ ಕತ್ತರಿಸಿದಂತೆ ತೋರಿಸಿದರೆ ಎಳೆ ಕಡಿದಿದೆ ಎಂದರ್ಥ. ಹೆಂಡತಿ ಗಂಗಲಕ್ಷ್ಮಮ್ಮ ಅವನನ್ನು ಊಟಕ್ಕೆ ಕರೆಯುತ್ತಿದ್ದುದೂ ಕೈಯಲ್ಲೇ. ಮಗ್ಗ ನಿಂತಾಗಲೂ ನೇಕಾರರದು ಕೂಗುವ ಮಾತು, ಅದು ಎಂಥ ಕಿವಿಗೂ ಕೇಳುತ್ತದೆ. ಇಂಥ ಕಡೆ ಕಿವುಡನನ್ನು ಯಾರು ಕಂಡುಹಿಡಿಯುತ್ತಾರೆ?

ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದರೂ ಮಗ್ಗ ನಿಲ್ಲುತ್ತದೆ, ಟಿವಿ ಮಾತ್ರ ಓಡುತ್ತದೆ. ಇದನ್ನು ನೋಡಿಕೊಂಡೇ ನಂದಕುಮಾರ ಎಂಬವನು ತನ್ನ ಮನೆಯ ಮುಂಗೋಣೆಯಲ್ಲಿ ಗೇಮ್ ಅಂಗಡಿ ಇಟ್ಟ. ಮಗ್ಗ ನಿಂತರೆ ನೇಕಾರರೆಲ್ಲ ಅಲ್ಲಿಗೆ. ಎಲ್ಲರಿಗೂ ಬೇಕಾಗಿದ್ದುದು ಸಮುದ್ರದ ತಳದ ಆಟ. ನೀರಿನಡಿ ಕಟ್ಟಿದ ದೊಡ್ಡ ಕಾರ್ಖಾನೆ. ಒಳಗಿದ್ದವರೆಲ್ಲ ಸತ್ತಿದ್ದಾರೆ, ಉಳಿದವನು ನೀನೊಬ್ಬ. ಗಾಳಿಯ ಸಿಲಿಂಡರ್ ಖಾಲಿಯಾಗುವುದರೊಳಗೆ ಮೇಲೆ ಬರಬೇಕು. ಅವರನ್ನೆಲ್ಲ ಕೊಂದ ಪ್ರಾಣಿ ಇನ್ನೂ ಪೈಪುಗಳಲ್ಲಿ ಓಡಾಡಿಕೊಂಡಿದೆ. ಕಾರ್ಖಾನೆ ಕಟ್ಟಿಸಿದ ಮಾಲೀಕ ಮಾತ್ರ ಎಲ್ಲೂ ಕಾಣುವುದಿಲ್ಲ. ಅದು ನಮಗೇನೂ ಹೊಸದಲ್ಲ.

ರಾಮಲಿಂಗಯ್ಯ ಹಠದವನು. ಒಂದು ಕಬ್ಬಿಣದ ಬಾಗಿಲಿನವರೆಗೆ ಸಲೀಸಾಗಿ ಹೋಗುತ್ತಿದ್ದ. ಬಾಗಿಲು ತೆಗೆಯುತ್ತಿದ್ದ. ಸಾಯುತ್ತಿದ್ದ. ಹತ್ತು ಸಲ, ಹದಿನೈದು ಸಲ.

"ಗುರು, ಅದು ಕೆರೀತಿರೋವಾಗ್ಲೇ ಯಾಕ್ ತೆಗೀತೀಯ? ಸದ್ದು ನಿಂತ್ಮೇಲೆ ತೆಗಿ," ಎಂದ ನಂದಕುಮಾರ.

"ಯಾವ್ ಸದ್ದ್ಲಾ?"

"ಬಾಗ್ಲ್ ಹಿಂದೆ ಉಗುರಲ್ಲಿ ಪರಪರ ಅಂತೈತಲ್ಲ!"

"ಬುರುಡೆ ಬಿಡ್ಬೇಡ ಕಣೋ."

ಮಗ್ಗಕ್ಕೆ ಹೊಸದಾಗಿ ಬಂದಿದ್ದ ಹರೆಯದವರೆಲ್ಲ ಬಿದ್ದುಬಿದ್ದು ನಕ್ಕರು. "ರಾಮಲಿಂಗಣ್ಣನ್ ಕಿವಿ ಫ್ಯೂಸ್ ಹೋಗೈತೆ!" ರಾಮಲಿಂಗಯ್ಯ ಟಿವಿಗೆ ಕಿವಿಯೊತ್ತಿ ಸುಮಾರು ಹೊತ್ತು ಕೂತ. ಆಮೇಲೆ ಎದ್ದು ಮನೆಗೆ ಹೋದ.

ಸಂಜೆಯೊಳಗೆ ಸುದ್ದಿ ಅವನ ಮಗ್ಗದ ಯಜಮಾನ ಅಪ್ಪಯ್ಯಣ್ಣನಿಗೆ ಮುಟ್ಟಿತು. ಅಪ್ಪಯ್ಯಣ್ಣ ಕೆಟ್ಟವನಲ್ಲ. ಅವನೂ ಮೂವತ್ತು ವರ್ಷ ನಿಂತು ನೇಯ್ದು, ಆಮೇಲೆ ಸ್ವಂತ ಶೆಡ್ಡು ಹಾಕಿದವನು.

"ಲಾಳಿ ತಪ್ಪಾಗಿ ಬಡಿಯೋದು ಕೇಳಿಸ್ದಿದ್ರೆ ಅದು ಹಾರಿ ಯಾರ್ದಾದ್ರೂ ಕಣ್ಣು ತೆಗೀತದೆ. ಸೋಮವಾರದಿಂದ ಬರ್ಬೇಡಪ್ಪ," ಎಂದ.

ನಲವತ್ತೆಂಟರ ನೇಕಾರ ಮಗ್ಗ ಬಿಟ್ಟು ಇನ್ನೇನು ಮಾಡಿಯಾನು? ನಾನು ಆಗ ನೇಕಾರರ ಸಂಘದಲ್ಲಿದ್ದೆ. ಇಡೀ ಬೀದಿಯ ಮಗ್ಗ ಬಂದ್ ಮಾಡಿಸೋಣ ಎಂದೆ.

"ನಿನ್ ಬಾವುಟ ಒಳಗಿಡು," ಎಂದ ರಾಮಲಿಂಗಯ್ಯ. "ನಾಳೆ ಯಜಮಾನ್ರನ್ನ ಗೇಮ್ ಅಂಗ್ಡಿಗೆ ಕರ್ಕೊಂಡ್ ಬಾ, ಸಾಕು."

ಮರುದಿನ ಒಂದು ಫೇಸ್ ಹೋಗಿ ಬೀದಿಯ ಮಗ್ಗವೆಲ್ಲ ನಿಂತಾಗ ಕರೆತಂದೆ. ಅಪ್ಪಯ್ಯಣ್ಣ ಪಂಚೆ ಮೇಲೆತ್ತಿ ಚಾಪೆಯ ಮೇಲೆ ಕೂತ. ರಾಮಲಿಂಗಯ್ಯ ಆ ಬಾಗಿಲವರೆಗೆ ತಾನೇ ಆಡಿ, ಜಾಯ್‌ಸ್ಟಿಕ್ ಅವನ ಕೈಗಿಟ್ಟ. "ಆಚೆ ಪ್ರಾಣಿ ಕೆರೀತೈತಂತೆ. ಸದ್ದು ನಿಂತ್ಮೇಲೆ ಈ ಗುಂಡಿ ಒತ್ತಿ."

ಮಗ್ಗಕ್ಕಿಂತ ಮೆರವಣಿಗೆಯಲ್ಲೇ ಹೆಚ್ಚು ಕಾಲ ಕಳೆದ ನನಗೆ ಕೆರೆಯುವ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು. ಅಪ್ಪಯ್ಯಣ್ಣ ಒಂದು ಗಳಿಗೆ ಕಾದು, "ಹ್ಞೂ, ನಿಂತೋಯ್ತು," ಎಂದು ಗುಂಡಿ ಒತ್ತಿದ. ಪ್ರಾಣಿ ಅವನನ್ನು ಹರಿದು ಹಾಕಿತು. ಮತ್ತೆ ಆಡಿದ, ಮತ್ತೆ ಸತ್ತ. ಮೂರನೇ ಸಲ ಟಿವಿ ಬಿಟ್ಟು ನಂದಕುಮಾರನ ಮುಖ ನೋಡುತ್ತ ಕಾದ. ನಂದಕುಮಾರ ಬೇಕೆಂದೇ ತಲೆ ತಗ್ಗಿಸಿದ.

"ಮಿಷಿನ್ ಕೆಟ್ಟೈತೆ," ಎಂದ ಅಪ್ಪಯ್ಯಣ್ಣ.

"ಹಂಗಾದ್ರೆ ನೀವೂ ಸೋಮವಾರದಿಂದ ಶೆಡ್ಡಿಗೆ ಬರ್ಬೇಡಿ ಯಜಮಾನ್ರೇ. ಲಾಳಿ ಹಾರ್ತದೆ."

ಅಪ್ಪಯ್ಯಣ್ಣ ಜಾಯ್‌ಸ್ಟಿಕ್ ನೆಲಕ್ಕಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಸೋಮವಾರ ರಾಮಲಿಂಗಯ್ಯ ಯಾರನ್ನೂ ಕೇಳದೆ ತಾನು ಓಡಿಸುತ್ತಿದ್ದ ಎರಡು ಮಗ್ಗಗಳ ನಡುವೆ ನಿಂತ. ಯಜಮಾನ ಬೇಡವೆನ್ನಲಿಲ್ಲ. ಮಧ್ಯಾಹ್ನ ಶೆಡ್ಡಿನ ಆರೂ ಮಗ್ಗಗಳ ಪಕ್ಕಕ್ಕೆ ಲಾಳಿ ತಡೆಯುವ ತಂತಿಬಲೆ ಕಟ್ಟಿಸಿದ. ಇಪ್ಪತ್ತು ವರ್ಷ ಮೊದಲೇ ಕಟ್ಟಿಸಬೇಕಾಗಿದ್ದ ಬಲೆ ಅದು.

ನಮ್ಮ ಸಂಘವೂ ದೊಡ್ಡದೇನೂ ಕಡಿದು ಹಾಕಿರಲಿಲ್ಲ. ಬೇಡಿಕೆ ಪಟ್ಟಿಯಲ್ಲಿ ಕೂಲಿಯಿತ್ತು, ಬೋನಸ್ಸಿತ್ತು, ಕಿವಿ ಇರಲಿಲ್ಲ. ಮುಂದಿನ ಸಭೆಯಲ್ಲಿ ನಾನು ಎದ್ದು, ನೇಕಾರರಿಗೆಲ್ಲ ಕಿವಿ ಪರೀಕ್ಷೆ ಮಾಡಿಸಬೇಕೆಂದು ಸೇರಿಸೋಣ ಎಂದೆ. ಹಿಂದಿನ ಸಾಲಿನಿಂದ ನಾಲ್ಕೈದು ಜನ ಒಟ್ಟಿಗೇ ಕಿರುಚಿದರು: "ಏನಂದೆ? ಜೋರಾಗ್ ಹೇಳು!"