ಗೊತ್ತಿಲ್ಲ ನಂಬರ್ ಹದಿನೇಳು

ಪಪ್ಪನ ಪ್ಯಾಂಟಿನ ಎರಡೂ ಮೊಣಕಾಲಲ್ಲಿ ದೋಸೆಯಷ್ಟು ದೊಡ್ಡ ಕೆಂಪು ಕಲೆ ಇರ್ತಿತ್ತು. ಮುರಕಲ್ಲಿನ, ಅಂದ್ರೆ ನಮ್ಮ ಕಡೆಯ ಕೆಂಪು ಕಲ್ಲಿನ ಬಣ್ಣ. "ಮೀನಿನ ವಾಸನೆ ಆದ್ರೂ ಒಗೆದ್ರೆ ಹೋಗ್ತದೆ, ಇದು ಎಂತ ಮಾಡಿದ್ರೂ ಹೋಗುದಿಲ್ಲ" ಅಂತ ಅಮ್ಮ ಕಲ್ಲಿಗೆ ಬಡಿದು ಬಡಿದು ಬೈಯುದು.

ಪಪ್ಪ ಕಾಪುವಿನಿಂದ ಮೀನು ತಗೊಂಡು ಸ್ಕೂಟರಲ್ಲಿ ಕಾರ್ಕಳದ ಬದಿಯ ಮನೆಮನೆಗೆ ಮಾರ್ತಿದ್ರು. ದಾರಿಯಲ್ಲಿ ಮುರಕಲ್ಲು ತೆಗೆದು ಬಿಟ್ಟ ಹೊಂಡ ಕಂಡ್ರೆ ಸ್ಕೂಟರ್ ನಿಂತಿತು ಅಂತಲೇ. ಹೊಂಡದ ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆ ಹಾರ್ತಾವಲ್ಲ, ಅದರ ಹುಚ್ಚು ಅವರಿಗೆ. ಮೊಣಕಾಲೂರಿ ಕೂತ್ರೆ ಲೋಕ ಬೇಡ. ರಜೆಯಲ್ಲಿ ಸ್ಕೂಟರಿನ ಹಿಂದೆ ಕೂತು ನಾನೂ ಹೋಗ್ತಿದ್ದೆ, ನನಗೂ ಅಲ್ಲಿಂದಲೇ ಹಿಡಿದದ್ದು. ಒಮ್ಮೆ ಒಬ್ಬರು ಅಜ್ಜಿ ಪಾತ್ರೆ ಹಿಡ್ಕೊಂಡು ಹೊಂಡದ ತನಕ ಬಂದ್ರು.

"ಎಂತ ಮಾರಾಯ್ರೇ, ಬಂಗುಡೆ ಪೆಟ್ಟಿಗೆಯಲ್ಲಿ ಉಂಟು, ನೀವು ಹೊಂಡದಲ್ಲಿ ಹುಡುಕುದಾ?"

"ಒಂದು ನಿಮಿಷ ಅಮ್ಮಾ, ಈಗ ಕೂರ್ತದೆ ಅದು."

"ಅದು ಕೂರುವ ಮೊದಲು ನಿಮ್ಮ ಪೆಟ್ಟಿಗೆ ಮೇಲೆ ಬೆಕ್ಕು ಕೂತಾಯ್ತು!"

ನನ್ನ ಹಳೇ ಕಾಪಿ ಪುಸ್ತಕ ಒಂದರಲ್ಲಿ ಪಪ್ಪ ನೋಡಿದ್ದನ್ನೆಲ್ಲ ಬರೀತಿದ್ರು. ಬಣ್ಣ, ರೆಕ್ಕೆ ತುದಿಯ ಚುಕ್ಕೆ, ಪಕ್ಕದಲ್ಲಿ ಪೆನ್ಸಿಲಿನ ಚಿತ್ರ. ಖಂಡಿತ ಗೊತ್ತಿದ್ರೆ ಮಾತ್ರ ಹೆಸರು. ಇಲ್ಲದಿದ್ರೆ "ಗೊತ್ತಿಲ್ಲ ನಂಬರ್ ಒಂದು", "ಗೊತ್ತಿಲ್ಲ ನಂಬರ್ ಎರಡು", ಹೀಗೆ. ಆಮೇಲೆ ಯಾವಾಗಾದ್ರೂ ಗೊತ್ತಾದ್ರೆ ಅದಕ್ಕೆ ಗೀಟು ಹಾಕಿ ಹೆಸರು ಬರೆಯುದು.

ನಾನು ಫೋನಲ್ಲೇ ಎಲ್ಲ ಕಲಿತವಳು. ಫೋಟೋ ತೆಗೆಯುದು, ಆ್ಯಪ್ ಎಂತ ಹೇಳ್ತದೋ ಅದನ್ನು ಕೂಡ್ಲೇ ಚಿಟ್ಟೆ ನೋಡುವವರ ವಾಟ್ಸಾಪ್ ಗ್ರೂಪಿಗೆ ಹಾಕುದು. ಒಂದು ಸಲ ಶಂಕರಪುರದಲ್ಲಿ ಮಲ್ಲಿಗೆ ಗಿಡದ ಮೇಲೆ ಕೂತಿದ್ದ ಒಂದಕ್ಕೆ ಭಾರೀ ಅಪರೂಪದ ಹೆಸರು ಕೊಟ್ಟು ಬೀಗಿದೆ. ನೋಡಿದ್ರೆ ನಮ್ಮ ಬಾವಿಕಟ್ಟೆಯಲ್ಲಿ ದಿನಾ ಕೂರುವುದೇ ಅದು! ಗ್ರೂಪಲ್ಲಿ ನಗೆಯೋ ನಗೆ. ಪಪ್ಪ ನಗಲಿಲ್ಲ.

"ಚಿಟ್ಟೆಗೆ ಎಂತ ನಷ್ಟ ಇಲ್ಲ ಮಗಾ. ಗೊತ್ತಿಲ್ಲ ಅಂತ ಬರೆದಿದ್ರೆ ನಾಳೆ ಇನ್ನೊಮ್ಮೆ ನೋಡ್ತಿದ್ದಿ. ಹೆಸರು ಕೊಟ್ಟ ಮೇಲೆ ಯಾರು ನೋಡ್ತಾರೆ?"

ಹೋದ ವರ್ಷ ಮಳೆ ಬಿಡುವ ಹೊತ್ತಿಗೆ ಪಪ್ಪನನ್ನು ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದ್ದು. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಆದ್ರೆ ಗುಣ ಆಗ್ತಾರಾ, ಹೌದಾ ಅಲ್ವಾ ಹೇಳಿ ಅಂತ ಡಾಕ್ಟರ ಬೆನ್ನು ಬಿಡಲಿಲ್ಲ ನಾನು. ಸಣ್ಣ ಪ್ರಾಯದ ಡಾಕ್ಟರ್. "ಗೊತ್ತಿಲ್ಲ" ಅಂದ್ರು. ನನಗೆ ಬಂದ ಸಿಟ್ಟು! ಪಪ್ಪ ಮಾತ್ರ ಅವರು ಹೋದ ಮೇಲೆ, "ಒಳ್ಳೆ ಜನ. ನಾಳೆ ಇನ್ನೊಮ್ಮೆ ನೋಡ್ತಾರೆ" ಅಂದ್ರು.

ಆಪರೇಷನ್ನಿನ ಹಿಂದಿನ ದಿನ ಸಂಜೆ ಕಿಟಕಿಯ ಹೊರಗೆ ಆಕಾಶ ತುಂಬ ಏರೋಪ್ಲೇನ್ ಚಿಟ್ಟೆ. ಪಪ್ಪ ದಿಂಬಿನಿಂದ ತಲೆ ಎತ್ತಿದ್ರು. ಕನ್ನಡಕ ಇರಲಿಲ್ಲ.

"ಯಾವುದು ಮಗಾ?"

ಅವರಿಗೆ ಖುಷಿ ಆಗ್ಲಿ ಅಂತ ಹೇಳಿಬಿಟ್ಟೆ: "ಸಮುದ್ರ ದಾಟುವ ಜಾತಿ ಪಪ್ಪ. ಆಫ್ರಿಕಾಕ್ಕೆ ಹೊರಟದ್ದು."

"ಸರಿಯಾಗಿ ಕಂಡಿತಾ?"

"...ಇಲ್ಲ. ದೂರ ಉಂಟು."

"ಹಾಗಾದ್ರೆ ಬರೆ."

ಅವರ ಪುಸ್ತಕದಲ್ಲಿ ಬರೆದೆ. ಗೊತ್ತಿಲ್ಲ ನಂಬರ್ ಹದಿನೇಳು.

ಆಪರೇಷನ್ ಆಗಿ ಒಂಬತ್ತನೇ ದಿನ ಪಪ್ಪ ಹೋದ್ರು.

ಮತ್ತೆ ಹಟಕ್ಕೆ ಬಿದ್ದು ಆ ಪುಸ್ತಕದ ಗೊತ್ತಿಲ್ಲಗಳನ್ನು ಒಂದೊಂದೇ ಹುಡುಕಿದೆ. ಹೊಂಡ ಹೊಂಡ ತಿರುಗಿ, ಎರಡೆರಡು ಸಲ ನೋಡಿ ಗೀಟು ಹಾಕಿದೆ. ಹದಿನಾರರ ತನಕ ಎಲ್ಲ ಆಯ್ತು, ಉಳಿದದ್ದು ಹದಿನೇಳು ಒಂದೇ. ಈ ವರ್ಷ ಮಳೆ ಬಿಟ್ಟ ಮೇಲೆ ಪುನಃ ಆಕಾಶ ತುಂಬ ಬಂದ್ವು. ಎಲ್ಲೂರಿನ ಹತ್ತಿರ ಕಲ್ಲಿನ ಹೊಂಡದ ಪಕ್ಕ ಒಂದು, ಕಡ್ಡಿಗೆ ನೇತುಕೊಂಡು ನನ್ನ ಮೂಗಿನ ಹತ್ತಿರವೇ ಇತ್ತು. ಮೊಣಕಾಲೂರಿ ಕೂತು ಚಂದ ಮಾಡಿ ನೋಡಿದೆ. ಸಮುದ್ರ ದಾಟುವುದೇ. ಡೌಟೇ ಇಲ್ಲ. ಪುಸ್ತಕ ತೆಗೆದು, ಗೀಟು ಹಾಕಲಿಕ್ಕೆ ಪೆನ್ನೂ ಇಟ್ಟೆ.

ಆದ್ರೆ ಇದು ಈ ವರ್ಷದ್ದು. ಆವತ್ತು ನಾವು ನೋಡಿದ್ದು? ಪೆನ್ನು ಮುಚ್ಚಿದೆ.

ಮನೆಗೆ ಬಂದಾಗ ಅಮ್ಮ ನನ್ನ ಪ್ಯಾಂಟಿನ ಮೊಣಕಾಲು ನೋಡಿ ನಿಂತರು.

"ಇದು ಹೋಗುದಿಲ್ಲ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತುಂಟು" ಅಂದೆ.