ಹಗೇವಿಗೆ ಇಳಿಬಿಟ್ಟ ದೀಪ

ನಾನು ಹೆದರುಪುಕ್ಕಲಿ. ನಮ್ಮ ಮನೆಯವರು ಬಂದ ನೆಂಟರ ಮುಂದೆಲ್ಲ ಇದನ್ನು ಹೇಳಿ ನಗುತ್ತಾರೆ. ನಗಲಿ ಬಿಡಿ. ಹಗ್ಗ ಕಂಡರೂ ಹಾವು ಅನ್ನುವವಳು ನಾನು. ಆದರೆ ನನಗೆ ಹಾವಿಗಿಂತ ದೊಡ್ಡ ಭಯವೆಂದರೆ ತವರಿನ ದನದ ಕೊಟ್ಟಿಗೆಯಲ್ಲಿದ್ದ ಹಗೇವಿನದು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಕೆಳಗೆ ಗಡಿಗೆಯ ಹಾಗೆ ಅಗಲ. ಬಾಯಿಗೆ ಚಪ್ಪಡಿಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಿದ್ದರು. ಅದನ್ನು ತೆಗೆಯುವ ದಿನ ಅಪ್ಪ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕಲ್ಲು ಸರಿಸಿ ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಡುತ್ತಿದ್ದ. ದೀಪ ತಳ ಮುಟ್ಟುವವರೆಗೂ ಉರಿದರೆ ಮನುಷ್ಯ ಇಳಿಯಬಹುದು. ಆರಿತೋ, ಆ ದಿನ ಇಳಿಯುವ ಮಾತೇ ಇಲ್ಲ. "ಒಳಗ ಕೆಟ್ಟ ಗಾಳಿ ಕುಂತೈತಿ" ಅನ್ನುತ್ತಿದ್ದ. ಪಕ್ಕದ ಓಣಿಯಲ್ಲಿ ಒಬ್ಬಾತ ದೀಪಗೀಪ ಏನೂ ಬೇಡವೆಂದು ಅವಸರದಲ್ಲಿ ಇಳಿದಿದ್ದ. ಅವನನ್ನು ಹಗ್ಗ ಕಟ್ಟಿ ಮೇಲೆಳೆದಾಗ ನಾನು ಅವ್ವನ ಸೆರಗಿನ ಸಂದಿಯಿಂದ ಅವನ ಪಾದಗಳನ್ನಷ್ಟೇ ನೋಡಿದ್ದೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಪಾದಗಳು ಕಾಣುತ್ತವೆ.

ಹೊಲಕ್ಕೆ ಕಾಲುವೆ ನೀರು ಹತ್ತಿತು. ಜೋಳ ಹೋಗಿ ಭತ್ತ ಬಂತು, ಹಗೇವಿನ ಮೇಲೆ ಕಲ್ಲು ಕೂತೇ ಬಿಟ್ಟಿತು. ಅಪ್ಪ ತೀರಿಕೊಂಡ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಕೊಟ್ಟಿಗೆ ಖಾಲಿಯಾದದ್ದೇ ತಡ, ನನ್ನ ತಮ್ಮನ ತಲೆಯೊಳಗೆ ಹುಳ ಹೊಕ್ಕಿತು. ಕೊಟ್ಟಿಗೆಯನ್ನು ರೂಮು ಮಾಡುವುದು, ಹಂಪಿ ನೋಡಲು ಬರುವವರನ್ನು ಈ ಕಡೆ ಕರೆಯುವುದು, ಬಳ್ಳಾರಿ, ಕುಡತಿನಿಯಿಂದ ಭಾನುವಾರ ಕಳೆಯಲು ಬರುವವರಿಗೆ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಬಡಿಸುವುದು. ಕಲ್ಲಿನ ಗೋಡೆ, ದನಕ್ಕೆ ಮೇವು ಹಾಕುವ ಗ್ವಾದಲಿ ಎಲ್ಲ ಹಾಗೇ ಇಟ್ಟು ಮಂಚ ಹಾಕಿಸಿದ. ಚಂದವೇನೋ ಆಗಿತ್ತು, ಸುಳ್ಳು ಹೇಳಬಾರದು.

ಬಾದನಹಟ್ಟಿಯ ಕಡೆಯ ನಮ್ಮ ಸಣ್ಣ ಊರಿಗೆ ಮಾತ್ರ ಅದು ಹಿಡಿಸಲಿಲ್ಲ. ಬಂಡಿದಾರಿಯಲ್ಲಿ ಕಾರು ನಿಂತರೆ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಹೇಗೆ ಹೋಗಬೇಕು? ಕಕ್ಕಸಿನ ನೀರು ಯಾರ ಗದ್ದೆಗೆ ಹರಿಯಬೇಕು? "ದನ ಕಟ್ಟೋ ಜಾಗದಾಗ ಲಾಡ್ಜ್ ಮಾಡಾಕ ಯಾರು ಒಪ್ಪಿಗಿ ಕೊಟ್ರು?" ಎಂದು ಪಂಚಾಯ್ತಿಗೆ ತಕರಾರು ಹೋಯಿತು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇಡೀ ಊರಲ್ಲಿ ಒಬ್ಬರೂ ಹಗೇವಿನ ಸುದ್ದಿ ಎತ್ತಲಿಲ್ಲ.

ಒಂದು ಬೆಳಿಗ್ಗೆ ತಮ್ಮನ ಹೆಂಡತಿಯ ಫೋನು ಬಂತು.

"ಅಕ್ಕಾ, ಹಗೇವಿನ ಕಲ್ಲು ತೆಗೆಸ್ಯಾರ. ನಾ ರೇಷ್ಮಿ ಸೀರಿ ಉಟ್ಟು ಒಳಗ ಇಳೀಬೇಕಂತ, ಮೊರದಾಗ ಜೋಳ ಹಿಡ್ಕಂಡು ನಗಬೇಕಂತ. ಮ್ಯಾಲಿಂದ ಫೋಟೋ ತೆಗೆದು ಫೋನಿನಾಗ ಹಾಕ್ತಾರಂತ. ನಂಗ ಭಾಳ ಅಂಜಿಕಿ ಆಗ್ತೈತಿ. ನನ್ನ ಮಾತು ಅವರ ಕಿವಿಗೆ ಬೀಳಂಗಿಲ್ಲ, ನೀವ ಬಂದು ಹೇಳ್ರಿ."

ಬಳ್ಳಾರಿಯಿಂದ ಕುರುಗೋಡಿನ ಬಸ್ಸು ಅಷ್ಟು ನಿಧಾನ ಹೋದದ್ದು ನಾನು ಕಾಣೆ. ದಾರಿಯುದ್ದಕ್ಕೂ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಕಿಟಕಿಯಾಚೆ ಭತ್ತದ ಗದ್ದೆಗಳು, ನನ್ನ ಕಣ್ಣ ಮುಂದೆ ಆ ಪಾದಗಳು.

ನಾನು ಮುಟ್ಟುವ ಹೊತ್ತಿಗೆ ತಕರಾರು ವಿಚಾರಿಸಲು ಬಂದಿದ್ದ ಪಂಚಾಯ್ತಿ ಅಧಿಕಾರಿ ಹೊರಡುತ್ತಿದ್ದರು. ಕಕ್ಕಸಿನ ಗುಂಡಿ ನೋಡಿದ್ದರು, ಕಾರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ್ದರು. ಹಗೇವಿಗೆ ಬಗ್ಗಿ, "ಒಳಗ ಲೈಟ್ ಐತಲ್ಲ, ಸಾಕು ಬಿಡ್ರಿ" ಎಂದಿದ್ದರಂತೆ. ತಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದ.

ಕೊಟ್ಟಿಗೆಯೊಳಗೆ ಅವನ ಹೆಂಡತಿ ಹೂ ಮುಡಿದು, ಜೋಳದ ಮೊರ ಹಿಡಿದು, ಹಗೇವಿನ ಬಾಯಲ್ಲಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು ನಿಂತಿದ್ದಳು.

"ಲೇ ತಮ್ಮಾ! ದೀಪ ಬಿಟ್ಟು ನೋಡಿಯೇನು?" ಬಾಗಿಲಿನಿಂದಲೇ ಕೂಗಿದೆ.

"ಬಿಟ್ಟೀನಿ ಬಾರಕ್ಕಾ. ಅಪ್ಪ ಹೇಳಿದ್ದು ಮರ್ತೀನಿ ಅಂದ್ಕಂಡಿಯೇನು? ಬೆಳಿಗ್ಗಿಂದ ಉರಿಯಾಕತ್ತೈತಿ ನೋಡು."

ನನಗೆ ಹೋದ ಜೀವ ಬಂದಂತಾಯಿತು. ಹತ್ತಿರ ಹೋಗಿ ಬಗ್ಗಿದೆ. ಹಳೆಯ ತೌಡಿನ ಮುಗ್ಗಲು ವಾಸನೆ. ತಳದಲ್ಲಿ, ವೈರಿನ ತುದಿಗೆ ಜೋತು ಬಿದ್ದು, ಝಗಝಗ ಉರಿಯುತ್ತಿತ್ತು ಒಂದು ಕರೆಂಟಿನ ಬಲ್ಬು.

ಅಯ್ಯೋ ಶಿವನೇ! ತಮ್ಮನ ಹೆಂಡತಿಯ ರಟ್ಟೆ ಹಿಡಿದು ಎಳೆದ ರಭಸಕ್ಕೆ ಮೊರದ ಜೋಳವೆಲ್ಲ ನೆಲಕ್ಕೆ ಚೆಲ್ಲಿತು.

"ಹುಚ್ಚು ಹಿಡಿದೈತೇನು ನಿನಗ?" ತಮ್ಮ ರೇಗಿದ.

"ನನಗಲ್ಲಲೇ ಮಬ್ಬಾ, ನಿನಗ!"

ಅಧಿಕಾರಿ ಬರುತ್ತಾರೆಂದು ಪೂಜೆ ಮಾಡಿ ಗೂಡಿನಲ್ಲಿ ಹಣತೆ ಹಚ್ಚಿದ್ದರು. ಅದನ್ನು ಬಕೀಟಿನೊಳಗಿಟ್ಟು, ಹಗ್ಗ ಕಟ್ಟಿ ಇಳಿಬಿಟ್ಟೆ. ಬಕೀಟು ಏಣಿಗೆ ತಾಗಿ ಸದ್ದು ಮಾಡುತ್ತ ಇಳಿಯಿತು. ಅರ್ಧ ಏಣಿಯ ಮಟ್ಟಕ್ಕೆ ಹೋದೊಡನೆ ಕುಡಿ ಕುಗ್ಗಿ, ನೀಲಿಯಾಗಿ, ಆರಿಹೋಯಿತು.

"ಗಾಳಿಗೆ ಆರೈತಿ" ಅಂದ ತಮ್ಮ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

ಮೇಲೆಳೆದು ಮತ್ತೆ ಹಚ್ಚಿದೆ. ಈ ಸಲ ಹಗ್ಗವನ್ನು ಅವನ ಕೈಗೇ ಕೊಟ್ಟೆ. ಅವನು ಉಸಿರು ಬಿಗಿಹಿಡಿದು, ತೊಟ್ಟಿಲು ಇಳಿಸುವಷ್ಟು ನಿಧಾನವಾಗಿ ಬಿಟ್ಟ. ಅದೇ ಮಟ್ಟದಲ್ಲಿ, ಹಾಗೆಯೇ ಆರಿತು. ಅದರ ಕೆಳಗೆ ಬಲ್ಬು ಉರಿಯುತ್ತಲೇ ಇತ್ತು.

ತಮ್ಮ ಅಲ್ಲೇ ಗ್ವಾದಲಿಯ ಕಟ್ಟೆಗೆ ಕುಸಿದು ಕೂತ. "ದೀಪ ಬಿಡಬೇಕು ಅನ್ನೋದು ನೆನಪಿತ್ತಕ್ಕಾ" ಅಂದ. "ಅದಕ್ಕ ಬಿಟ್ಟಿದ್ದೆ." ದೊಡ್ಡ ಗಂಡಸು, ಬಯಲಾಟದಲ್ಲಿ ಅಬ್ಬರಿಸುವವನು, ಮಗುವಿನ ಹಾಗೆ ಅದನ್ನೇ ಹೇಳುತ್ತಿದ್ದ.

ಅವನ ಹೆಂಡತಿ ಅಳಲಿಲ್ಲ. ಚೆಲ್ಲಿದ ಜೋಳವನ್ನು ಬಾಚಿ ಮೊರಕ್ಕೆ ತುಂಬಿಕೊಂಡಳು. ಗಂಡನ ಮುಂದೆ ಬಂದು ಮೊರವನ್ನು ಅವನ ತೊಡೆಯ ಮೇಲಿಟ್ಟಳು, ಅವನ ಜೇಬಿನಿಂದ ಫೋನು ತೆಗೆದುಕೊಂಡಳು.

"ನೀವ ಇಳೀರಿ" ಅಂದಳು ಮೆಲ್ಲಗೆ. "ನಾ ಮ್ಯಾಲೆ ನಿಂತು ತೆಗೀತೀನಿ. ಒಂಚೂರು ನಗ್ರಿ."

ಅವನು ತಲೆ ಎತ್ತಲಿಲ್ಲ. ತೊಡೆಯ ಮೇಲಿನ ಮೊರ ವಾಲಿತು, ಜೋಳ ಒಂದೊಂದೇ ಕಾಳು ಮತ್ತೆ ನೆಲಕ್ಕೆ ಬೀಳತೊಡಗಿತು.