ದೊಡ್ಡವ್ವನ ಗಾಣದ ಮೇಲಿನ ತೆರಿಗೆ

ಜರಿಪೇಟ ಸುತ್ತಿಕೊಳ್ಳುವುದು ನನಗೆ ಇವತ್ತಿಗೂ ಬರುವುದಿಲ್ಲ. ಮೈಸೂರಿನ ದಸರಾ ಸಭೆಗೆ ಮೆಂಬರಾಗಿ ಹೊರಟ ದಿನ ಮಧುಗಿರಿಯ ವರ್ತಕರೇ ನನ್ನನ್ನು ಕೂರಿಸಿ ಪೇಟ ಸುತ್ತಿದರು. ನನಗೆ ವೋಟು ಹಾಕಿಸಿದವರೂ ಅವರೇ. ತುಮಕೂರಿನ ಬಸ್ಸಿಗೆ ಟಿಕೆಟ್ಟು ತೆಗೆಸಿಕೊಟ್ಟವರೂ ಅವರೇ. ಸಭೆಯಲ್ಲಿ ನಾನು ಆಡುವ ಮಾತೂ ತಮ್ಮದೇ ಆಗಿರುತ್ತದೆ ಎಂದು ಅವರು ನಂಬಿದ್ದರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ನಾನೂ ಹಾಗೇ ನಂಬಿದ್ದೆ.

ಮಹಾರಾಜರ ಕಾಲದ ಆ ಸಭೆಗೆ ಎಲ್ಲ ತಾಲ್ಲೂಕುಗಳಿಂದಲೂ ಜನ ಬರುತ್ತಿದ್ದರು. ನಮ್ಮ ನಮ್ಮ ಕಡೆಯ ಕಷ್ಟವನ್ನು ಸರ್ಕಾರದ ಮುಂದೆ ಇಡಬಹುದಿತ್ತು, ಸರ್ಕಾರ ಅದಕ್ಕೆ ಉತ್ತರ ಕೊಡುತ್ತಿತ್ತು. ಕೇಳುವ ಹಕ್ಕು ನಮ್ಮದು, ಕೊಡುವುದು ಬಿಡುವುದು ಅವರದು. ನನಗೆ ಒಪ್ಪಿಸಿದ್ದ ಕೆಲಸ ಒಂದೇ. ಮಧುಗಿರಿಯಲ್ಲಿ ಹೊಸದಾಗಿ ಕಡಲೆಕಾಯಿ ಎಣ್ಣೆಯ ಮಿಲ್ಲು ಎದ್ದಿತ್ತು. ಎಂಜಿನ್ನಿನ ಮಿಲ್ಲು, ಅದರ ಸದ್ದು ಬೆಟ್ಟಕ್ಕೆ ಬಡಿದು ವಾಪಸು ಬರುತ್ತಿತ್ತು. ಹೊಸ ಉದ್ಯಮವಾದ್ದರಿಂದ ಕೆಲವು ವರ್ಷ ತೆರಿಗೆಯಿಂದ ವಿನಾಯಿತಿ ಕೊಡಬೇಕೆಂದು ಕೇಳಬೇಕಿತ್ತು. ಊರಿಗೆ ಎಂಜಿನ್ನು ಬಂದದ್ದು ನನಗೂ ಹೆಮ್ಮೆಯ ವಿಷಯವೇ. ನನ್ನ ಅಂಗಡಿಯ ಕಡಲೆಕಾಯೆಲ್ಲ ಹೋಗುತ್ತಿದ್ದದ್ದೂ ಆ ಮಿಲ್ಲಿಗೇ.

ಅದೇ ವರ್ಷ ಎತ್ತಿನ ಗಾಣದ ತೆರಿಗೆಯ ಮಾತೂ ಸಭೆಗೆ ಬರುವುದಿತ್ತು. ಗಾಣ ಇಟ್ಟವರೆಲ್ಲ ವರ್ಷಕ್ಕೊಮ್ಮೆ ಅದಕ್ಕೆಂದೇ ತೆರಿಗೆ ಕಟ್ಟುತ್ತಿದ್ದರು. ಅದನ್ನು ತೆಗೆದುಹಾಕಬಹುದೇ ಎಂದು ನೋಡಲು ಒಬ್ಬ ಅಧಿಕಾರಿ ಮಳೆಗಾಲದಲ್ಲೇ ನಮ್ಮ ಕಡೆ ಬಂದರು. ಒಳ್ಳೆಯದೊಂದು ಗಾಣ ತೋರಿಸಿ ಎಂದು ಮೊದಲೇ ನನಗೆ ಕಾಗದ ಬರೆದಿದ್ದರು. ನಾನು ಅವರನ್ನು ಸೀದಾ ನಿಡುಗಲ್ಲಿಗೆ, ದೊಡ್ಡವ್ವನ ಮನೆಗೆ ಕರೆದುಕೊಂಡು ಹೋದೆ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಗಂಡ ಬೇಗ ಹೋದ, ಮಕ್ಕಳಿಲ್ಲ, ಹೊಲವಿಲ್ಲ. ಒಂದು ಗಾಣ, ಒಂದು ಎತ್ತು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ನಿಡುಗಲ್ ದುರ್ಗದ ಬುಡದಲ್ಲಿ ಒಬ್ಬಳೇ ಗಾಣ ನಡೆಸಿಕೊಂಡಿದ್ದಳು. ಮಿಲ್ಲಿನ ಎಣ್ಣೆ ಪಾವಗಡದ ಸಂತೆಗೆ ಬರತೊಡಗಿದ ಮೇಲೆ ಅವಳಿಗೆ ಉಸಿರು ಕಟ್ಟತೊಡಗಿತ್ತು. "ಈ ವರ್ಸ ಗಾಣದ್ ತೆರಿಗೆ ಹೋದ್ರೆ ಆಯ್ತು. ಇಲ್ದಿದ್ರೆ ನಿಲ್ಸ್‌ಬುಡ್ತೀನಿ ಕಣ್ಲಾ. ನಿಲ್ಸಿ ಯಾರ್ ಮನೆ ಜಗಲಿ ಮ್ಯಾಲೆ ಕೂರ್ಲಿ, ನೀನೇ ಹೇಳು," ಎಂದು ಒಮ್ಮೆ ನನ್ನನ್ನು ಕೇಳಿದ್ದಳು. ನಮ್ಮ ಮನೆಗೆ ಬಾ ಎಂದಿದ್ದೆ. ಅವಳು ನಕ್ಕ ರೀತಿಗೆ ನನಗೆ ಮತ್ತೆ ಕರೆಯುವ ಧೈರ್ಯ ಬರಲಿಲ್ಲ.

ಅಧಿಕಾರಿ ಬರುವ ಎಂಟು ದಿನ ಮೊದಲೇ ನಾನು ಅವಳಿಗೆ ಹೇಳಿ ಕಳಿಸಿದ್ದೆ. ಮೈಸೂರಿನವರು ಬರುತ್ತಾರೆ, ನಮ್ಮ ಮನೆತನದ ಮರ್ಯಾದೆ ನೋಡಿಕೋ ಎಂದು. ಅವಳು ನೋಡಿಕೊಂಡಳು. ಎಂಟು ದಿನ ಎತ್ತನ್ನು ಗಾಣಕ್ಕೆ ಕಟ್ಟದೆ ಹತ್ತಿಕಾಳು ತಿನ್ನಿಸಿದಳು. ಬಿತ್ತನೆಗೆಂದು ಆರಿಸಿಟ್ಟಿದ್ದ ಕಡಲೆಬೀಜವನ್ನು ಪಕ್ಕದ ಮನೆಯಿಂದ ತಂದಳು. ಗಾಣದ ಒರಳು ತೊಳೆದು, ವಿಭೂತಿ ಬಳಿದು, ಹೂ ಇಟ್ಟಳು. ಮನೆಗೆ ಬಂದವರ ಮುಂದೆ ಕಡಿಮೆ ತೋರಿಸುವುದು ನಮ್ಮ ಕಡೆ ಅವಮಾನ. ಹಳಸಿದ್ದನ್ನು ಬಡಿಸಿದಷ್ಟೇ ಅವಮಾನ. ಆ ದಿನ ಗಾಣದಿಂದ ಇಳಿದ ಎಣ್ಣೆಯನ್ನು ನೋಡಿ ನನಗೇ ಬೆರಗಾಯಿತು. ಮೊದಲ ಎಣ್ಣೆ ಈಶ್ವರನ ಗುಡಿಯ ದೀಪಕ್ಕೆ, ಎರಡನೆಯದು ಅಧಿಕಾರಿಯ ಜೊತೆ ಬಂದಿದ್ದ ಜವಾನನ ಪಾತ್ರೆಗೆ. ಅಧಿಕಾರಿ ಸಂತೋಷದಿಂದ ತಲೆಯಾಡಿಸಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಹಿಗ್ಗಿದೆವು.

ಇಷ್ಟು ದಡ್ಡರು ಬೇರೆಲ್ಲಾದರೂ ಇದ್ದಾರೆಯೇ, ನನಗೆ ಗೊತ್ತಿಲ್ಲ.

ಸಭೆಯ ದಿನ ಚಪ್ಪಲಿಯನ್ನು ಹೊರಗೆ ಬಿಟ್ಟು ಎತ್ತರದ ಹಾಲಿನೊಳಗೆ ಕೂತೆ. ನನ್ನ ಪಕ್ಕದಲ್ಲಿ ಶಿರಾದಿಂದ ಬಂದಿದ್ದ ಒಬ್ಬ ಮುದುಕ ಸಾಹೇಬರು. ಮೊದಲು ಗಾಣದ ತೆರಿಗೆಯ ಮಾತು ಬಂತು. ಬೇರೆ ತಾಲ್ಲೂಕಿನ ಯಾರೋ ಎದ್ದು, ಗಾಣದವರಿಗೆ ಕಷ್ಟವಿದೆ, ತೆರಿಗೆ ತೆಗೆಯಿರಿ ಎಂದು ಕೇಳಿದರು. ಸರ್ಕಾರದ ಕಡೆಯವರು ಉತ್ತರ ಓದಿದರು. ಅಧಿಕಾರಿಯೊಬ್ಬರು ನಿಡುಗಲ್ ಕಡೆಯ ಒಂದು ಗಾಣವನ್ನು ಖುದ್ದು ನೋಡಿ ಬಂದಿದ್ದಾರೆ, ಒಬ್ಬ ವಿಧವೆ ನಡೆಸುವ ಗಾಣವೂ ಒಂದೇ ದಿನದಲ್ಲಿ ಹೇರಳವಾಗಿ ಎಣ್ಣೆ ಕೊಡುತ್ತಿದೆ, ಎತ್ತು ಪುಷ್ಟವಾಗಿದೆ, ಮನೆಯವರು ಸಂತುಷ್ಟರಾಗಿದ್ದಾರೆ. ಆದ್ದರಿಂದ ತೆರಿಗೆ ತೆಗೆಯಲು ಕಾರಣವಿಲ್ಲ.

ಕಿವಿಗೆ ಬಿಸಿ ನೀರು ಹೊಯ್ದ ಹಾಗಾಯಿತು. ಆ ಎತ್ತು ಪುಷ್ಟವಾಗಿದ್ದದ್ದು ನನ್ನ ಮಾತಿನಿಂದ. ದೊಡ್ಡವ್ವ ಯಾರದೋ ಜಗಲಿಯ ಮೇಲೆ ಕೂತಿರುವುದು ಕಣ್ಣಿಗೆ ಕಟ್ಟಿತು, ಅಲ್ಲಿ ಅವಳನ್ನು ಕೂರಿಸಿದವನು ನಾನೇ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಮೊದಲು ನನ್ನ ಮೇಲೆ, ಆಮೇಲೆ ಮಿಕ್ಕ ಎಲ್ಲರ ಮೇಲೆ.

ಅದರ ಹಿಂದೆಯೇ ಮಿಲ್ಲಿನ ವಿನಾಯಿತಿ ಬಂತು, ನನ್ನನ್ನು ಕರೆದರು. ಎದ್ದು ನಿಂತೆ. ವರ್ತಕರು ಬರೆಸಿಕೊಟ್ಟಿದ್ದ ಕಾಗದ ಕೋಟಿನ ಜೇಬಿನಲ್ಲಿತ್ತು, ಅದನ್ನು ತೆಗೆಯಲಿಲ್ಲ.

"ನಿಡುಗಲ್ಲಿನ ಆ ಗಾಣ ನಮ್ಮ ದೊಡ್ಡಮ್ಮನದು," ಎಂದೆ. "ಅಧಿಕಾರಿಗಳಿಗೆ ತೋರಿಸಿದ್ದು ಒಂದು ದಿನದ ಎಣ್ಣೆಯಲ್ಲ, ಎಂಟು ದಿನದ ಸಿಂಗಾರ. ಎತ್ತಿಗೆ ಹತ್ತಿಕಾಳು ತಿನ್ನಿಸುವ ಹಾಗೆ ಮಾಡಿದವನು ನಾನು. ಅತಿಥಿಗೆ ಮಾಡಿದ ಉಪಚಾರವನ್ನು ತೆರಿಗೆಗೆ ಆಧಾರ ಮಾಡಿಕೊಂಡಿದ್ದೀರಿ. ತಪ್ಪು ನನ್ನದು, ಅದಕ್ಕೆ ದಂಡ ಮಾತ್ರ ಅವಳಿಗೆ."

ಅಧ್ಯಕ್ಷರು ವಿಷಯಕ್ಕೆ ಬನ್ನಿ, ನಿಮ್ಮ ವಿಷಯ ಮಿಲ್ಲು ಎಂದರು.

"ಮಿಲ್ಲಿನ ವಿಷಯವೇ ಹೇಳುತ್ತಿದ್ದೇನೆ. ಎಂಜಿನ್ನು ಹೊಸದು ಅಂತ ಅದಕ್ಕೆ ವಿನಾಯಿತಿ, ಗಾಣ ಹಳೆಯದು ಅಂತ ಅದಕ್ಕೆ ತೆರಿಗೆ. ಇಬ್ಬರೂ ತೆಗೆಯುವುದು ಎಣ್ಣೆಯನ್ನೇ, ಇಬ್ಬರೂ ಮಾರುವುದು ಅದೇ ಪಾವಗಡದ ಸಂತೆಯಲ್ಲೇ. ಹಾಕುವುದಾದರೆ ಇಬ್ಬರಿಗೂ ಹಾಕಿ, ಬಿಡುವುದಾದರೆ ಇಬ್ಬರಿಗೂ ಬಿಡಿ. ಗಾಣಕ್ಕೆ ಬಿಡದೆ ಮಿಲ್ಲಿಗೆ ಮಾತ್ರ ಬಿಡಿ ಎಂದು ನಾನು ಕೇಳುವುದಿಲ್ಲ."

ಗಂಟೆ ಬಾರಿಸಿದರು. ಕೂರೋಣ ಅನ್ನಿಸಿತು. ಪಕ್ಕದ ಸಾಹೇಬರು ತಲೆಯೆತ್ತದೆ ನನ್ನ ಕೋಟಿನ ತುದಿ ಹಿಡಿದು, "ಬೋಲೋ ಭಾಯಿ, ನಿಲ್ಲಿಸ್‌ಬ್ಯಾಡಿ. ಗಂಟೆ ಅವ್ರ ಕೆಲ್ಸ, ಮಾತು ನಿಮ್ದು," ಎಂದರು. ನಾನು ನಿಂತೇ ಇದ್ದೆ. ಬೇರೊಬ್ಬ ಅಧಿಕಾರಿಯನ್ನು ಕಳಿಸಿ, ಹೇಳದೆ ಕೇಳದೆ ಬಂದು ಬೆಳಗಿನಿಂದ ಸಾಯಂಕಾಲದವರೆಗೆ ಗಾಣ ನೋಡಲಿ ಎಂದೆ. ಎರಡನೆಯ ಸಲ ಗಂಟೆ ಬಾರಿಸುವ ಹೊತ್ತಿಗೆ ನನ್ನ ಪೇಟ ಬಿಚ್ಚಿಕೊಂಡು ಕಿವಿಯ ಮೇಲೆ ಇಳಿದಿತ್ತು.

ಮಿಲ್ಲಿಗೆ ವಿನಾಯಿತಿ ಸಿಕ್ಕಿತು. ಗಾಣದ ವಿಷಯ ಮತ್ತೊಮ್ಮೆ ವಿಚಾರಿಸಲಾಗುವುದು ಎಂದು ಬರೆದುಕೊಂಡರು. ಮಧುಗಿರಿಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೂ ಇರಲಿಲ್ಲ. ನನಗಿಂತ ಮೊದಲೇ ಸುದ್ದಿ ಬಂದು ಇಳಿದಿತ್ತು. ಪೇಟ ಸುತ್ತಿದ್ದ ಹಿರಿಯ ವರ್ತಕರು ಅಂಗಡಿಯಲ್ಲಿ ಕೂತಲ್ಲಿಂದಲೇ, "ನಮ್ ಉಪ್ಪು ತಿಂದು ನಮ್ ಮಿಲ್ಲಿಗೇ ಕಲ್ಲೆಸ್ದೆ ಅಲ್ಲಯ್ಯ," ಎಂದರು. ಮಿಲ್ಲಿಗೆ ವಿನಾಯಿತಿ ಸಿಕ್ಕಿತಲ್ಲ ಎಂದೆ. "ಸಿಕ್ತು. ನಿನ್ನಿಂದ ಅಲ್ಲ," ಎಂದರು. ಅದು ನಿಜ. ಅವತ್ತಿನಿಂದ ನನ್ನ ಕಡಲೆಕಾಯಿಯನ್ನು ಆ ಮಿಲ್ಲು ಕೊಳ್ಳಲಿಲ್ಲ. ನಾನು ಗಾಡಿ ಕಟ್ಟಿಕೊಂಡು ಶಿರಾ, ಬುಕ್ಕಾಪಟ್ಟಣ ಎಂದು ಅಲೆದು ಮಾರಿದೆ. ಹೆಂಡತಿ ಒಂದು ತಿಂಗಳು ಗೊಣಗಿದಳು, ಆಮೇಲೆ ಅವಳೂ ವರ್ತಕರನ್ನೇ ಬೈಯತೊಡಗಿದಳು.

ಚಳಿಗಾಲ ಕಳೆಯುವ ಹೊತ್ತಿಗೆ ಎರಡನೆಯ ಅಧಿಕಾರಿ ಬರುತ್ತಾರಂತೆ ಎಂಬ ಗಾಳಿಸುದ್ದಿ ಬಂತು. ನಾನು ನಿಡುಗಲ್ಲಿಗೆ ಓಡಿದೆ. ಈ ಸಲ ಹತ್ತಿಕಾಳು ಬೇಡ ದೊಡ್ಡವ್ವ, ಮುಗ್ಗಿದ ಬೀಜ ಹಾಕು, ಎತ್ತನ್ನು ಒಂದೆರಡು ದಿನ ಸೊರಗಿಸು ಎಂದೆ. ಅವಳು ಹಿಂಡಿ ಪುಡಿ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

"ಮೂಕಪ್ರಾಣಿಗೆ ಉಪಾಸ ಕೆಡವು ಅಂತೀಯೇನ್ಲಾ? ಹೋದ್ ಸಲ ನಿನ್ ಮಾತ್ ಕೇಳಿ ದೊಡ್ಡದ್ ತೋರಿಸ್ದೆ. ಈ ಸಲ ನಿನ್ ಮಾತ್ ಕೇಳಿ ಸಣ್ಣದ್ ತೋರಿಸ್ಬೇಕಾ? ನೀನ್ ಸುಮ್ಕಿರು. ಇದ್ದದ್ದ ತೋರಿಸ್ತೀನಿ."

ಆ ಅಧಿಕಾರಿ ಇನ್ನೂ ಎಳೆಯ ವಯಸ್ಸಿನವರು. ನಾನಿನ್ನೂ ನಿಡುಗಲ್ಲಿನಲ್ಲೇ ಇದ್ದಾಗ ಒಂದು ದಿನ ಬೆಳಿಗ್ಗೆಯೇ ಬಂದು, ಕೂರಲು ಕುರ್ಚಿ ಇದೆಯೇ ಎಂದರು. ಗಾಣದ ಅಡ್ಡಮರದ ಮೇಲೆ ಭಾರಕ್ಕೆಂದು ಒಂದು ಕಲ್ಲು ಇರುತ್ತದೆ. ಭಾರವಿಲ್ಲದಿದ್ದರೆ ಬೀಜ ಅರೆಯುವುದಿಲ್ಲ. ದೊಡ್ಡವ್ವ ಆ ಕಲ್ಲನ್ನು ಇಳಿಸಿ ಕೆಳಗಿಟ್ಟಳು.

"ಕುರ್ಚಿ ಇಲ್ಲ ಸ್ವಾಮಿ. ಇಲ್ಲೇ ಕೂತ್ಕಳಿ. ಗಾಣ ನೋಡಾಕೆ ಇದೇ ಸರಿಯಾದ್ ಜಾಗ."

ಜವಾನ ಬಾಯಿ ಬಿಟ್ಟ. ಆ ಪುಣ್ಯಾತ್ಮ ಕೋಟು ಬಿಚ್ಚಿ ಜವಾನನ ಕೈಗೆ ಕೊಟ್ಟು ಅಡ್ಡಮರದ ಮೇಲೆ ಕೂತೇಬಿಟ್ಟರು. ಎತ್ತು ಸುತ್ತಿತು, ಅವರೂ ಸುತ್ತಿದರು. ದೊಡ್ಡವ್ವ ಎತ್ತಿನ ಹಿಂದೆ ನಡೆಯುತ್ತ, ನಡುನಡುವೆ ಒರಳಿಗೆ ಬಗ್ಗಿ ಬೀಜ ತಳ್ಳುತ್ತ ಇದ್ದಳು. ಸ್ವಲ್ಪ ಹೊತ್ತಿಗೆ ಅವರ ಮುಖ ಬಿಳಚಿತು. ಇಳಿದು ನೀರು ಕುಡಿದು ಮತ್ತೆ ಕೂತರು. ಮಧ್ಯಾಹ್ನ, "ಇನ್ನೆಷ್ಟು ಹೊತ್ತಮ್ಮ?" ಎಂದು ಮೆಲ್ಲಗೆ ಕೇಳಿದರು.

"ಈಗಿನ್ನೂ ಒಂದ್ಸಲ ಹಾಕಿದ್ ಬೀಜ ಮುಗಿಯಾಕ್ ಬಂತು ಸ್ವಾಮಿ. ಇನ್ನೊಂದ್ಸಲ ಅಯ್ತೆ."

ಹೊತ್ತು ಇಳಿಯುವ ಮೊದಲು ದೊಡ್ಡವ್ವ ಎತ್ತು ಬಿಚ್ಚಿದಳು. ಇಡೀ ದಿನದ ಎಣ್ಣೆಯನ್ನು ಒಂದೇ ಮಡಕೆಗೆ ಬಗ್ಗಿಸಿ ಅವರ ಕಾಲ ಬಳಿ ಇಟ್ಟಳು. ಮಡಕೆ ತುಂಬಿರಲಿಲ್ಲ. "ಇದು ಒಂದ್ ದಿನ. ಬರ್ಕಳಿ," ಎಂದಳು. ಅವರು ಎದ್ದು ನಿಲ್ಲಲು ನನ್ನ ತೋಳು ಹಿಡಿದುಕೊಂಡರು. ಏನು ಬರೆದುಕೊಂಡರೋ ತೋರಿಸಲಿಲ್ಲ, ಆದರೆ ಹೋಗುವಾಗ ದೊಡ್ಡವ್ವನಿಗೆ ಕೈಮುಗಿದರು.

ಮುಂದಿನ ದಸರೆಯ ಹೊತ್ತಿಗೆ ನಾನು ಮೆಂಬರಾಗಿರಲಿಲ್ಲ, ವರ್ತಕರು ಬೇರೊಬ್ಬರನ್ನು ಕಳಿಸಿದ್ದರು. ಆದರೂ ನಮ್ಮ ಕಡೆಯ ಗಾಣಗಳ ತೆರಿಗೆ ತೆಗೆದಿದೆ ಎಂದು ಆಜ್ಞೆ ಬಂತು. ಸುದ್ದಿ ಕೇಳಿದ ದಿನ ಅಂಗಡಿಯಲ್ಲಿ ಕೂತಿದ್ದವನು ಒಬ್ಬನೇ ಗಟ್ಟಿಯಾಗಿ ನಕ್ಕೆ, ಗಿರಾಕಿಗಳು ಗಾಬರಿಯಾದರು.

ಆಗಿನ ಪದ್ಧತಿ, ಇಂಥ ರಿಯಾಯಿತಿ ಸಿಕ್ಕಿದವರೆಲ್ಲ ಸೇರಿ ಒಂದು ಕೃತಜ್ಞತೆಯ ಪತ್ರ ಸಲ್ಲಿಸುವುದು. ಮಿಲ್ಲಿನವರು ಹಿಂದಿನ ವರ್ಷವೇ ಹಾರ ತುರಾಯಿ ಸಮೇತ ಸಲ್ಲಿಸಿದ್ದರು. ಗಾಣದವರದನ್ನು ಬರೆಯಲು ಪಾವಗಡದ ತಾಲ್ಲೂಕು ಕಚೇರಿಯವರು ನನ್ನನ್ನು ಹಿಡಿದರು, ನನ್ನ ಅಕ್ಷರ ದುಂಡಗಿತ್ತು. ಅಪಾರ ದಯೆ, ಬಡವರ ಮೇಲಿನ ಕರುಣೆ, ಎಂದೆಂದಿಗೂ ಋಣಿಗಳು ಎಂದೆಲ್ಲ ಒಂದು ಪುಟ ಬರೆದೆ. ಸುಳ್ಳು ಹೇಳಲಾರೆ, ಬರೆಯುವಾಗ ಖುಷಿಯೇ ಆಯಿತು. ಊರೂರು ಸುತ್ತಿ ಹೆಬ್ಬೆಟ್ಟು ಹಾಕಿಸಿಕೊಂಡು ಕೊನೆಗೆ ನಿಡುಗಲ್ಲಿಗೆ ಬಂದೆ.

"ಏನ್ ಬರ್ದಿದ್ದೀಯ, ಓದು," ಎಂದಳು ದೊಡ್ಡವ್ವ. ಓದಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಜಗಲಿಯ ಮೇಲೆ ಕೂತಳು.

"ದಯ ಅಂದ್ಯಲ್ಲ, ಯಾರ್ ಮಾಡಿದ್ ದಯ? ನೀನು ಪ್ಯಾಟೇಲಿ ಯಾವಾರ ಕಳ್ಕಂಡೆ. ಆ ಹುಡುಗ್ ಸಾಹೇಬ್ರು ದಿನವೆಲ್ಲ ತಲೆ ತಿರುಗಿಸ್ಕಂಡ್ರು. ನಾನು ಇಷ್ಟ್ ವರ್ಸ ಕಟ್ದೆ. ಅವ್ರು ಇಸ್ಕಳದ ಬುಟ್ರು, ಅಷ್ಟೇಯ. ನಂದ ನಂಗೆ ಬುಟ್ಟಿದ್ಕೆ ನಾನ್ಯಾಕೆ ಋಣಿ ಆಗ್ಲಿ?"

"ಎಲ್ಲರೂ ಹಾಕಿದ್ದಾರೆ ದೊಡ್ಡವ್ವ. ಪದ್ಧತಿ."

"ಹಾಕ್ಲಿ ಬುಡು. ನಂಗೆ ಬ್ಯಾರೆ ಕಾಗ್ದ ಬರಿ. ಇವತ್ತು ಬ್ಯಾಡ ಅನ್ನಿಸಿದ್ ತೆರಿಗೆಯ ಇಷ್ಟ್ ವರ್ಸ ಯಾಕೆ ಇಸ್ಕಂಡ್ರಿ ಅಂತ ಕೇಳಿ ಬರಿ. ಅದಕ್ಕೆ ಹೆಬ್ಬೆಟ್ ಹಾಕ್ತೀನಿ."

ಅಲ್ಲೇ ಗಾಣದ ಪಕ್ಕ ಕೂತು ಬರೆದೆ, ಒಂದೇ ಸಾಲು. ಅವಳು ಹೆಬ್ಬೆಟ್ಟು ಒತ್ತಿದಳು, ಕಾಗದದ ತುಂಬ ಎಣ್ಣೆಯಾಯಿತು. ಮಾರನೆಯ ದಿನ ಎರಡು ಕಾಗದವನ್ನೂ ಪಾವಗಡದ ಕಚೇರಿಯ ಗುಮಾಸ್ತರ ಮುಂದೆ ಇಟ್ಟೆ. ಮೊದಲನೆಯದನ್ನು ನೋಡಿ ಭೇಷ್ ಎಂದರು. ಎರಡನೆಯದನ್ನು ಓದಿ, ಇದನ್ನು ತೆಗೆದುಕೊಳ್ಳಲು ಬರುವುದಿಲ್ಲ, ವಾಪಸು ಒಯ್ಯಿರಿ ಎಂದರು. ಅವರ ಕೈಯಲ್ಲಿದ್ದ ಮೊದಲನೆಯದನ್ನು ನಾನು ಮೆಲ್ಲಗೆ ಬಿಡಿಸಿಕೊಂಡು ಮಡಿಸಿ ಜೇಬಿಗಿಟ್ಟುಕೊಂಡು, ತೆಗೆದುಕೊಳ್ಳುವುದಾದರೆ ಎರಡನ್ನೂ ತೆಗೆದುಕೊಳ್ಳಿ ಎಂದೆ. ಆಮೇಲೆ ದೊಡ್ಡವ್ವನ ಕಾಗದ ತಲುಪಿದ್ದಕ್ಕೆ ರಸೀತಿ ಕೊಡುವವರೆಗೂ ಏಳುವುದಿಲ್ಲವೆಂದು ಹೇಳಿ ಅಲ್ಲಿನ ಬೆಂಚಿನ ಮೇಲೆ ಕೂತೆ.